ಸುದ್ದಿ ಮುಟ್ಟಿಸುವ ಮನೆಯವರು

ಹೋದ ತಿಂಗಳು ಮಸ್ಕಿಯಿಂದ ನಮ್ಮ ಪತ್ರಿಕೆಗೆ ಒಂದು ಫೋನ್ ಬಂತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಂದ ಸುದ್ದಿ ಕಳಿಸುತ್ತಿದ್ದವರು, ಕಣ್ಣು ಮಂಜಾಗಿದೆ, ಇನ್ನು ಸಾಕು ಎಂದು ತಿಳಿಸಿದರು. ಅರೆಕಾಲಿಕ ವರದಿಗಾರರಿಗೆ ನಿವೃತ್ತಿ ಎಂಬುದಿಲ್ಲ. ಆದ್ದರಿಂದ ಬೀಳ್ಕೊಡುಗೆ, ಹಾರ, ಫೋಟೋ ಯಾವುದೂ ಇಲ್ಲ. ಕಚೇರಿಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವರ ಹೆಸರನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಹೆಸರು ಬರೆದರು. ಅಷ್ಟಕ್ಕೇ ಮುಗಿಯಿತು.

ನಾನು ಅವರ ಮನೆಗೆ ಹೋಗಿ, ನಿಮ್ಮ ಬಗ್ಗೆ ಬರೆಯಬೇಕೆಂದಿದ್ದೇನೆ ಎಂದೆ.

“ಬರಿ. ಆದ್ರ ಹೆಸರು ಹಾಕಬ್ಯಾಡ.”

“ಯಾಕಣ್ಣಾ?”

“ಹೆಸರು ಹಾಕಿದ್ರ ಎಲ್ಲಾ ನಂದು ಅಂತ ತಿಳಕೋತಾರ. ನಂದೇನೈತಿ ಅದರಾಗ? ನಮ್ಮಪ್ಪಂದು.”

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. “ಹೆಸರೂ ಹಾಕ್ರೀ, ಫೋಟೋನೂ ಹಾಕ್ರೀ. ಲಗ್ನದಾಗ ತಗಿಸಿದ್ದೊಂದು ಐತಿ. ಆಗ ತಲಿ ಮ್ಯಾಲೆ ಕೂದಲಿದ್ದುವು.”

“ಕೇಳಿದೇನು? ಈಕಿ ಬರಿಯಾಕ ಕುಂತಿದ್ರ ಇಷ್ಟೊತ್ತಿಗೆ ಎಡಿಟರ್ ಆಗಿರ್ತಿದ್ಲು” ಎಂದು ಅವರು ನಕ್ಕರು.

ಅವರು ಹೇಳಿದಂತೆ ಹೆಸರಿಲ್ಲದೆ ಬರೆಯುತ್ತಿದ್ದೇನೆ.

ನಾನು ಸಿಂಧನೂರಿಗೆ ವರದಿಗಾರನಾಗಿ ಬಂದಾಗ ಅವರು ಮಸ್ಕಿ ಬಸ್ ನಿಲ್ದಾಣದ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಬೆಳಿಗ್ಗೆ ಜನರಿಗೆ ಅರ್ಜಿ ಬರೆದುಕೊಡುವುದು, ಮಧ್ಯಾಹ್ನ ಸುದ್ದಿ ಹುಡುಕುವುದು. ಬಿಳಿ ಅಂಗಿ, ಕೊರಳಿನ ತನಕ ಹಾಕಿದ ಗುಂಡಿ, ಜೇಬಿನಲ್ಲಿ ಎರಡು ಪೆನ್ನು. ಎರಡನೆಯ ಪೆನ್ನು ಕೇಳುವವರಿಗೆ. ಪೊಲೀಸ್ ಠಾಣೆಯಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ ಕುರ್ಚಿ ಹಾಕುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದರು. ಕೇಳುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ಕೊನೆಗೆ ಯಾರಾದರೂ ಕುರ್ಚಿ ತರಲೇಬೇಕಾಗುತ್ತಿತ್ತು.

ಫೋನ್ ಮಾಡಿದರೆ ಅವರ ಮೊದಲ ಮಾತು ಯಾವಾಗಲೂ ಒಂದೇ. “ಎಲ್ಲಿದ್ದೀ? ಗಾಡಿ ಮ್ಯಾಲೆ ಇದ್ದೀಯೇನು? ಬಾಜೂಕ ಹಚ್ಚು.” ಬೈಕನ್ನು ರಸ್ತೆ ಬದಿಗೆ ನಿಲ್ಲಿಸಿ, ಎದೆ ಗಟ್ಟಿ ಮಾಡಿಕೊಂಡು ಕೇಳಿದರೆ, ನಾಳೆಯ ತಾಲ್ಲೂಕು ಪಂಚಾಯಿತಿ ಸಭೆ ಮುಂದಕ್ಕೆ ಹೋಗಿದೆ ಎಂಬ ಸುದ್ದಿ. ಒಮ್ಮೆ ಸಿಂಧನೂರಿನ ಬಜಾರದ ನಡುವೆ ಬೈಕ್ ನಿಲ್ಲಿಸಿದೆ. ಹಿಂದಿನ ಲಾರಿಯವನು ಬಾಯಿಗೆ ಬಂದಂತೆ ಬೈದ. ಇಷ್ಟಾಗಿ ನಾನು ಕೇಳಿದ್ದು, ಮಸ್ಕಿಯಲ್ಲಿ ನಾಲ್ಕು ಹನಿ ಮಳೆ ಬಿದ್ದಿದೆ ಎಂದು.

“ಇದಕ್ಕ ಗಾಡಿ ನಿಂದ್ರಸಬೇಕೇನಣ್ಣಾ?”

“ಯಾ ಸುದ್ದಿ ಯಾರಿಗೆ ಹ್ಯಾಂಗ ಬಡಿತೈತಿ ಅಂತ ನನಗೇನ್ ಗೊತ್ತೋ ತಮ್ಮಾ. ಎಲ್ಲಾದಕ್ಕೂ ನಿಂದ್ರಸೋದು ಛಲೋ.”

ಕಚೇರಿಯಲ್ಲಿ ನಾವು ಇದನ್ನು ಹೇಳಿ ನಗುತ್ತಿದ್ದೆವು. ಈ ಅಭ್ಯಾಸ ಎಲ್ಲಿಂದ ಬಂತು ಎಂದು ತಿಳಿಯುವುದಕ್ಕೆ ನನಗೆ ಕೆಲವು ವರ್ಷ ಬೇಕಾಯಿತು.

ಅವರ ತಂದೆ ಊರಿನ ವಾಲೀಕಾರ. ಈ ಭಾಗದ ಹಳ್ಳಿಗಳಲ್ಲಿ ದಲಿತ ಕೇರಿಯ ಕೆಲವು ಮನೆಗಳಿಗೆ ತಲೆಮಾರುಗಳಿಂದ ಅಂಟಿಕೊಂಡಿದ್ದ ಚಾಕರಿ ಅದು. ಡಂಗುರ ಹಾಕುವುದು, ಚಾವಡಿಯ ಕರೆ ಮುಟ್ಟಿಸುವುದು, ಊರಿನಲ್ಲಿ ಯಾರಾದರೂ ಸತ್ತರೆ ನೆಂಟರ ಊರುಗಳಿಗೆ ನಡೆದು ಹೋಗಿ ಸುದ್ದಿ ಹೇಳುವುದು. ಬಳಗಾನೂರಿಗೆ, ತುರ್ವಿಹಾಳಕ್ಕೆ, ಲಿಂಗಸುಗೂರಿನ ಆಚೆಯ ಹಳ್ಳಿಗಳಿಗೆ ಅವರು ಬರಿಗಾಲಲ್ಲಿ ಹೋಗಿ ಬಂದಿದ್ದರು. ಸುದ್ದಿ ಕೇಳಿದ ಮನೆಯವರು ಅಂಗಳದ ಹೊರಗೆ ನಿಲ್ಲಿಸಿ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಸುಗ್ಗಿಯಲ್ಲಿ ಒಂದಿಷ್ಟು ಜೋಳ ಹಾಕುತ್ತಿದ್ದರು.

ಈ ಅವಮಾನವನ್ನು ಅವರು ನನ್ನ ಮುಂದೆ ಎಂದೂ ಮುಚ್ಚಿಡಲಿಲ್ಲ, ಸಿಹಿ ಮಾಡಿಯೂ ಹೇಳಲಿಲ್ಲ. ಆದರೆ ತಂದೆ ಆ ಕೆಲಸ ಮಾಡುತ್ತಿದ್ದ ರೀತಿಯನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ತಂದೆಗೆ ಅಕ್ಷರ ಬರುತ್ತಿರಲಿಲ್ಲ, ನಿಯಮಗಳಿದ್ದವು. ದಾರಿಯಲ್ಲಿ ಯಾರು ಕೇಳಿದರೂ ಯಾವ ಮನೆಗೆ ಹೊರಟಿದ್ದೇನೆಂದು ಹೇಳುತ್ತಿರಲಿಲ್ಲ. ಸುದ್ದಿ ತನಗಿಂತ ಮುಂದೆ ಓಡಬಾರದು. ಊರು ಮುಟ್ಟಿದ ಮೇಲೆ ನೇರವಾಗಿ ಆ ಮನೆಗೆ ಹೋಗದೆ, ಮೊದಲು ನೆರೆಯವರಲ್ಲಿ ಒಬ್ಬರನ್ನು ಕರೆಯುತ್ತಿದ್ದರು. ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದರೆ ಒಲೆಯ ಮೇಲಿನ ಹಂಚು ಇಳಿಯುವ ತನಕ ಕಾಯುತ್ತಿದ್ದರು. ಕೂಸನ್ನು ಎತ್ತಿಕೊಂಡಿದ್ದರೆ ಬೇರೆ ಯಾರಾದರೂ ಅದನ್ನು ಇಸಿದುಕೊಳ್ಳಬೇಕು. ಗಂಡಸು ಕುಂಟೆ ಹೊಡೆಯುತ್ತಿದ್ದರೆ ಎತ್ತುಗಳ ಕೊರಳು ಬಿಚ್ಚಬೇಕು. ಆಮೇಲೆಯೇ ಬಾಯಿ ಬಿಡುವುದು.

“ಕೈಯಾಗ ಕೆಲಸ ಇದ್ದಾಗ ಹೇಳಬಾರ್ದು ಅಂತಿದ್ದ ನಮ್ಮಪ್ಪ. ಕೇಳಿದವ್ರು ಕೈ ಬಿಡ್ತಾರ. ಆ ಕೆಲಸ ಯಾರ ಹಿಡೀಬೇಕು?”

ಹೇಳುವಾಗ ಮಾತ್ರ ಸುತ್ತುಬಳಸು ಇರಲಿಲ್ಲ. ‘ಆರಾಮಿಲ್ಲ, ನೋಡಬೇಕಂತಾರ, ಬರ್ರಿ’ ಎಂದು ಕರೆದೊಯ್ಯುವ ರೂಢಿ ಆಗಲೂ ಇತ್ತು, ಈಗಲೂ ಇದೆ. ತಂದೆ ಅದನ್ನು ಒಪ್ಪುತ್ತಿರಲಿಲ್ಲ. ಹಾಗೆ ಹೇಳಿದರೆ ಪಾಪ ಅವರು ದಾರಿಯುದ್ದಕ್ಕೂ ಆಸೆ ಇಟ್ಟುಕೊಂಡು ನಡೆಯುತ್ತಾರೆ, ನಾವು ಪಕ್ಕದಲ್ಲಿ ಅದನ್ನು ನೋಡುತ್ತ ನಡೆಯಬೇಕು, ಅಂಥ ಕೆಲಸ ನನ್ನಿಂದಾಗದು ಎನ್ನುತ್ತಿದ್ದರಂತೆ.

ಮಗ ಪಿಯುಸಿ ಓದುತ್ತಿದ್ದಾಗ ತಂದೆ ಜ್ವರದಿಂದ ಮಲಗಿದ್ದರು. ಊರ ಗೌಡರ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಅವರ ತಂಗಿಯನ್ನು ಲಿಂಗಸುಗೂರಿನ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಅಪ್ಪನಿಗಾಗದಿದ್ದರೆ ಮಗನನ್ನು ಕಳಿಸು ಎಂದು ಚಾವಡಿಯಿಂದ ಕರೆ ಬಂತು. ಮಗ ಹೋಗುವುದಿಲ್ಲ ಎಂದ. ತಂದೆ ಮಲಗಿದಲ್ಲಿಂದಲೇ ಹೇಳಿದರು: “ಗೌಡನ ಸಲುವಾಗಿ ಹೋಗಬ್ಯಾಡ. ಆ ಅವ್ವನ ಸಲುವಾಗಿ ಹೋಗು. ಆಕಿ ಅಣ್ಣನ ಮಾರಿ ನೋಡಬೇಕಲ್ಲ.”

ಹೋದರು. ಅಪ್ಪ ಮಾಡುತ್ತಿದ್ದಂತೆಯೇ ನೆರೆಯವರನ್ನು ಕರೆದರು, ಮುದುಕಿಯ ಕೈಯಲ್ಲಿದ್ದ ಮೊರ ಕೆಳಗಿಳಿಯುವ ತನಕ ಕಾದರು, ಸುದ್ದಿ ಹೇಳಿದರು. ಆಮೇಲೆ ಅಂಗಳದಾಚೆ ಹೋಗಿ ನಿಲ್ಲುವ ಬದಲು ಆ ಮನೆಯ ಕಟ್ಟೆ ಹತ್ತಿ ಕುಳಿತರು. ಮನೆಯ ಗಂಡಸೊಬ್ಬ ಓಡಿ ಬಂದ.

“ಏಳಲೇ! ಎಲ್ಲಿ ಕುಂತೀದಿ, ಖಬರ್ ಐತೇನು?”

“ಸುದ್ದಿ ನಿಮ್ಮದಿತ್ತು, ಮುಟ್ಟಿಸೀನಿ. ಕಾಲು ನನ್ನವು, ಮುಂಜಾನಿಂದ ನಡದಾವು. ಕುಂತೀನಿ.”

ಗಂಡಸು ಕೈ ಎತ್ತಿದ. ಒಳಗೆ ಅಳುತ್ತಿದ್ದ ಮುದುಕಿ ಅಳು ನಿಲ್ಲಿಸಿ ಕೂಗಿದಳು: “ಕುಂದ್ರಲಿ ಬಿಡ್ರೋ. ನಮ್ಮಣ್ಣ ಸತ್ತಾನ, ನಿಮಗ ಕಟ್ಟಿ ಚಿಂತಿ!”

ಊರಿಗೆ ದೂರು ಅವರಿಗಿಂತ ಮೊದಲೇ ಮುಟ್ಟಿತ್ತು. ಮರುದಿನ ಚಾವಡಿಗೆ ಕರೆಸಿದರು. ತಂದೆ ಜ್ವರದಲ್ಲೇ ಕಂಬಳಿ ಹೊದ್ದು ಬಂದರು. ತಪ್ಪಾಯಿತು ಎನ್ನುತ್ತಾರೆಂದು ಊರೂ ತಿಳಿದಿತ್ತು, ಮಗನೂ ತಿಳಿದಿದ್ದ. ಅವರು ಎರಡೇ ಮಾತು ಹೇಳಿದರು: “ಇನ್ನ ಮ್ಯಾಲೆ ನಮ್ಮನಿಯವ್ರು ನೀವು ಕರದ್ರ ಬರತೀವಿ. ಕಳಿಸಿದ್ರ ಹೋಗಂಗಿಲ್ಲ.” ಮಗನ ತೋಳು ಹಿಡಿದುಕೊಂಡು ಮನೆಗೆ ನಡೆದರು. ಆ ವರ್ಷ ಸುಗ್ಗಿಯ ಜೋಳ ಬರಲಿಲ್ಲ. ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲವಂತೆ.

ಲಿಂಗಸುಗೂರಿನಲ್ಲಿ ಒಮ್ಮೆ ಹಿರಿಯ ಪತ್ರಕರ್ತರಿಗೆ ಸನ್ಮಾನವಿತ್ತು. ನಿರೂಪಕರು ಇವರನ್ನು ಪರಿಚಯಿಸುತ್ತ, ಕಡುಬಡತನ, ಅನಕ್ಷರಸ್ಥ ತಂದೆ, ಕತ್ತಲೆಯಿಂದ ಬೆಳಕಿಗೆ ಎಂದೆಲ್ಲ ಹೇಳಿದರು. ಇವರು ಶಾಲು ಸರಿಮಾಡಿಕೊಂಡು ಮೈಕ್ ಹಿಡಿದರು.

“ಒಂದು ತಿದ್ದುಪಡಿ ಐತ್ರೀ. ನಮ್ಮಪ್ಪನೂ ವರದಿಗಾರನ. ಪೇಪರ್ ಇರಲಿಲ್ಲ, ಅಷ್ಟ. ಜೀವಮಾನದಾಗ ಒಂದು ಸುದ್ದಿನೂ ತಪ್ಪು ಮನಿಗೆ ಮುಟ್ಟಿಸಿಲ್ಲ ಅಂವ. ನಂದು ಹಾಂಗಿಲ್ರೀ, ನಾಕೈದು ಸಲ ವಿಷಾದ ಅಂತ ಹಾಕಿಸೀನಿ.”

ಸಭೆ ನಕ್ಕಿತು. ನಾನೂ ನಕ್ಕೆ. ಅದು ಮಾತಿನ ಚಮತ್ಕಾರ ಎಂದುಕೊಂಡಿದ್ದೆ.

ಅದು ಚಮತ್ಕಾರವಲ್ಲ ಎಂದು ತಿಳಿದದ್ದು ಜನವರಿಯ ಒಂದು ಭಾನುವಾರ. ಆ ವರ್ಷ ಎರಡನೆಯ ಬೆಳೆಗೂ ಕಾಲುವೆಗೆ ನೀರು ಬಿಟ್ಟಿದ್ದರು, ಎಲ್ಲೆಡೆ ನಾಟಿ ನಡೆದಿತ್ತು. ಬೆಳಿಗ್ಗೆ ಎಂಟರ ಹೊತ್ತಿಗೆ ಬಳಗಾನೂರಿನ ಕಡೆ ಕಾಲುವೆ ರಸ್ತೆಯಲ್ಲಿ ನಾಟಿಗೆ ಹೊರಟಿದ್ದ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂ ಆಟೋ ಉರುಳಿತು. ಮೂವರು ಸತ್ತರು. ಇಬ್ಬರ ಮನೆಯವರು ಸಿಂಧನೂರಿನ ಆಸ್ಪತ್ರೆಗೆ ಬಂದು ಸೇರಿದ್ದರು. ಮೂರನೆಯವಳು ಕಾಲೇಜು ಓದುವ ಹುಡುಗಿ. ತಾಯಿ ಇರಲಿಲ್ಲ. ತಂದೆ ಕುರಿ ಕಾಯುವವರು, ಹಿಂಡಿನ ಜತೆ ಲಿಂಗಸುಗೂರಿನ ಆಚೆ ಎಲ್ಲೋ ಇದ್ದರು. ಅವರ ಫೋನ್ ಹತ್ತುತ್ತಿರಲಿಲ್ಲ. ಹುಡುಗಿಯ ಚಿಕ್ಕಪ್ಪನೊಬ್ಬರೇ ಶವಾಗಾರದ ಮುಂದೆ ಕುಳಿತಿದ್ದರು.

ಮೂರೂ ಹೆಸರು ನನ್ನ ಪುಸ್ತಕದಲ್ಲಿದ್ದವು. ಜಿಲ್ಲಾ ಪುಟ ಸಂಜೆ ಆರೂವರೆಗೆ ಮುಗಿಯಬೇಕು. ಮುಖ್ಯ ವರದಿಗಾರರು ಎರಡು ಸಲ ಫೋನ್ ಮಾಡಿದ್ದರು. ಅಪಘಾತ ಮಸ್ಕಿಯ ವ್ಯಾಪ್ತಿಯದ್ದಾದ್ದರಿಂದ ನಮ್ಮ ಮಸ್ಕಿ ವರದಿಗಾರರೂ ಆಸ್ಪತ್ರೆಗೆ ಬಂದಿದ್ದರು, ಸುದ್ದಿ ಇವರ ಹೆಸರಿನಲ್ಲೇ ಹೋಗಬೇಕಿತ್ತು. ಇವರು ನನ್ನ ಪುಸ್ತಕ ನೋಡಿ ಕೇಳಿದರು:

“ಈ ಹುಡುಗಿ ಅಪ್ಪಗ ಗೊತ್ತಾಗೈತೇನು?”

“ಫೋನ್ ಸ್ವಿಚ್ ಆಫ್ ಐತಿ ಅಂತಾರಣ್ಣ.”

“ಹಂಗಾದ್ರ ಈ ಹೆಸರು ಇನ್ನೂ ನಮ್ಮದಲ್ಲ.”

ಚಿಕ್ಕಪ್ಪ ಮರಣೋತ್ತರ ಪರೀಕ್ಷೆಗೆ ಸಹಿ ಹಾಕಬೇಕಿತ್ತು, ಬಿಟ್ಟು ಹೋಗುವ ಹಾಗಿರಲಿಲ್ಲ. ಅಣ್ಣನಿಗೆ ಹೇಳುವವರು ಯಾರಾದರೂ ಇದ್ದರೆ ಎಂದು ಸುಮ್ಮನೆ ನಮ್ಮ ಮುಖ ನೋಡಿದರು. ಇವರು ಅವರ ಹೆಗಲ ಮೇಲೆ ಕೈಯಿಟ್ಟು, ನಾನು ಹೋಗುತ್ತೇನೆ ಎಂದರು. ನನ್ನ ಕಡೆ ತಿರುಗಿ, “ನಿನ್ನ ಕಾರು ತಗಿ. ನನ್ನ ಗಾಡಿಗೆ ಬ್ರೇಕಿಲ್ಲ” ಎಂದರು.

ಎರಡು ಹೆಸರಷ್ಟೇ ಹಾಕಿ ಸುದ್ದಿ ಕಳಿಸಿ ಹೊರಟೆವು. ದಾರಿಯಲ್ಲಿ ನನಗೆ ಸಿಟ್ಟಿತ್ತು. ಹೆಸರು ಕೈಯಲ್ಲಿಟ್ಟುಕೊಂಡು ಕಾರು ಓಡಿಸುವುದು ನಾನು ಕಲಿತ ಪತ್ರಿಕೋದ್ಯಮವಲ್ಲ.

“ಅಣ್ಣಾ, ಇಷ್ಟೊತ್ತಿಗೆ ಫೋಟೋ ಎಲ್ಲಾ ಗ್ರೂಪಿನಾಗೂ ಬಂದೈತಿ. ನಾವೊಬ್ರು ಹಿಡಕೊಂಡು ಏನ್ ಉಪಯೋಗ?”

“ಬಂದೈತಿ. ಆಕಿ ಅಪ್ಪಗ ಯಾರರ ಹೇಳ್ಯಾರೇನು?”

ಲಿಂಗಸುಗೂರು ದಾಟಿದೆವು.

ಮೂರು ಕಡೆ ವಿಚಾರಿಸಿ, ತೊಗರಿ ಕೊಯ್ದ ಒಂದು ಕಪ್ಪು ಹೊಲದಲ್ಲಿ ಹಿಂಡು ಸಿಕ್ಕಾಗ ನಾಲ್ಕೂವರೆ. ಕಾರನ್ನು ದೂರದಲ್ಲೇ ನಿಲ್ಲಿಸಲು ಹೇಳಿದರು. ಕಾರು ಹತ್ತಿರ ಬಂದರೆ ಕಾರೇ ಸುದ್ದಿ ಹೇಳಿಬಿಡುತ್ತದೆ ಎಂದರು. ನಾವು ನಡೆದು ಹೋಗುತ್ತಿದ್ದಂತೆ ಒಬ್ಬ ಕುರಿಗಾರ ಬೇಗ ಬೇಗ ಎದುರಿಗೆ ಬಂದ. ಹುಡುಗಿಯ ತಂದೆಯ ಜತೆ ಹಿಂಡು ಕಾಯುವ, ಅವರದೇ ವಯಸ್ಸಿನ ನೆಂಟ. ಕಂಬಳಿಯೊಳಗಿಂದ ಎರಡು ಫೋನ್ ತೆಗೆದು ತೋರಿಸಿದ.

“ಫೋಟೋ ಹನ್ನೊಂದಕ್ಕ ಬಂತ್ರೀ. ಅಂವನ ಫೋನ್ ನಾನ ಇಸಗೊಂಡು ಬಂದ್ ಮಾಡೀನಿ, ಚಾರ್ಜ್ ಇಲ್ಲ ಅಂತ ಸುಳ್ಳು ಹೇಳೀನಿ. ಮೂರು ಸಲ ಬಾಜೂಕ ಹೋಗಿ ಕುಂತೆ. ಬಾಯಿನ ಬರವಲ್ದು. ಮೂರು ಸಲನೂ ತಂಬಾಕ ಕೇಳಿ ಎದ್ದು ಬಂದೆ.” ಫೋನುಗಳನ್ನು ಮತ್ತೆ ಕಂಬಳಿಯೊಳಗೆ ಸೇರಿಸಿದ. “ಅಂವ ಬೈದ್ರೀ ನನಗ. ಎಷ್ಟು ತಂಬಾಕ ತಿಂತೀಯೋ ಸಾಯಾಕ ಅಂದ.”

“ನೀ ಏನೂ ತಪ್ಪು ಮಾಡಿಲ್ಲ” ಎಂದರು ಇವರು. “ಮೊದಲ ಹಿಂಡಿನ ಸುತ್ತ ಬಲಿ ಕಟ್ಟೂಣು ನಡಿ. ಕುರಿ ಒಳಗ ಹೋಗಲಿ. ಮ್ಯಾಲಿನ ಹೊಲದಾಗ ಯಾರದಾರ? ಒಬ್ಬರನ್ನ ಕರಿ. ಅಂವ ನಮ್ಮ ಸಂಗಾಟ ಬಂದ್ರ ಹಿಂಡಿಗೆ ಜನ ಬೇಕಲ್ಲ.”

ಗೂಟ ಹೊಡೆದು, ಬಲೆ ಸುತ್ತಿ, ಕುರಿಗಳನ್ನು ಒಳಗೆ ಕೂಡಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಿಳಿ ಅಂಗಿಯ ಮನುಷ್ಯ ಗೂಟ ಹಿಡಿಯುವುದನ್ನು ಹುಡುಗಿಯ ತಂದೆ ದೂರದಿಂದ ನೋಡಿದರು. ಹೊಲದ ಮಾಲೀಕರ ಕಡೆಯವರು ಎಂದುಕೊಂಡಿರಬೇಕು. ಅವರು ಆಗಷ್ಟೇ ಈದ ಒಂದು ಕುರಿಯನ್ನು ಮೊಣಕಾಲಿನ ನಡುವೆ ಹಿಡಿದುಕೊಂಡಿದ್ದರು. ತಾಯಿ ಮರಿಗೆ ಹಾಲು ಬಿಡುತ್ತಿರಲಿಲ್ಲ. ನನ್ನ ಜೇಬಿನಲ್ಲಿ ಫೋನ್ ನಾಲ್ಕು ಸಲ ನಡುಗಿತು. ನಾಲ್ಕು ಸಲವೂ ಕಟ್ ಮಾಡಿದೆ. ಇವರು ಕೈಕಟ್ಟಿಕೊಂಡು ನಿಂತೇ ಇದ್ದರು. ಮರಿ ಕುಡಿದು ಮುಗಿಸಿತು. ತಂದೆ ಕುರಿಯನ್ನು ಬಿಟ್ಟು, ಎದ್ದು, ಕೈಯನ್ನು ಧೋತರಕ್ಕೆ ಒರೆಸಿಕೊಂಡರು.

ಆಗ ಇವರು ಹತ್ತಿರ ಹೋದರು. ನಾನು ಪತ್ರಿಕೆಯ ಹೆಸರು ಹೇಳುತ್ತಾರೆಂದು ಕಾದಿದ್ದೆ.

“ಅಣ್ಣಾ, ನಾ ಮಸ್ಕಿ ಕಡಿ ಊರಿನವ. ವಾಲೀಕಾರ ಮನಿಯವ. ಸುದ್ದಿ ತಂದೀನಿ.”

ಹದಿನೈದು ವರ್ಷದ ಒಡನಾಟದಲ್ಲಿ ಅವರು ತಮ್ಮನ್ನು ಹೀಗೆ ಪರಿಚಯಿಸಿಕೊಂಡದ್ದನ್ನು ನಾನು ಕೇಳಿರಲಿಲ್ಲ. ಯಾರೂ ಕಳಿಸದೆ, ತಾವಾಗಿಯೇ, ಆ ಮನೆಯವನು ಎಂದು ಹೇಳಿಕೊಂಡು ಅವರು ನಿಂತಿದ್ದರು. ತಲೆ ತಗ್ಗಿರಲಿಲ್ಲ. ಹುಡುಗಿಯ ತಂದೆಗೆ ಬೇರೇನೂ ವಿವರಿಸಬೇಕಾಗಲಿಲ್ಲ. ಆ ಮನೆಯವರು ಹೊಲದ ತನಕ ಹುಡುಕಿಕೊಂಡು ಬರುವುದು ಯಾವುದಕ್ಕೆ ಎಂಬುದು ಈ ಸೀಮೆಯವರಿಗೆಲ್ಲ ಗೊತ್ತು.

“ಯಾರು?” ಎಂದರು.

ಇವರು ಹುಡುಗಿಯ ಹೆಸರು ಹೇಳಿದರು. “ಮುಂಜಾನಿ ನಾಟಿಗೆ ಹೋಗೂ ಮುಂದ ಟಂಟಂ ಬಿದ್ದೈತಿ. ದವಾಖಾನಿಗೆ ಒಯ್ಯೂದ್ರಾಗ ಜೀವ ಹೋಗಿತ್ತು. ನಿನ್ನ ತಮ್ಮ ಆಕಿ ಬಾಜೂಕ ಅದಾನ. ಆಕಿನ್ನ ಒಬ್ಬಾಕಿನ ಬಿಟ್ಟಿಲ್ಲ.”

ಹಿಂದಿನಿಂದ ನೆಂಟ ಆಗಲೇ ಅವರ ಎರಡೂ ತೋಳು ಹಿಡಿದುಕೊಂಡಿದ್ದ. ಇಬ್ಬರೂ ಸೇರಿ ಅವರನ್ನು ನೆಲಕ್ಕೆ ಕೂರಿಸಿದರು. ಹುಡುಗಿಯ ತಂದೆ ಮೊದಲು ಅತ್ತದ್ದು ಮಗಳ ಹೆಸರು ಹಿಡಿದು. ಇವರು ಪಕ್ಕದಲ್ಲಿ ಮಣ್ಣಿನ ಮೇಲೆ ಕುಳಿತಿದ್ದರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ.

ಮರಳುವಾಗ ಹಿಂದಿನ ಸೀಟಿನಲ್ಲಿ ಹುಡುಗಿಯ ತಂದೆ ಮತ್ತು ಇವರು ಕುಳಿತರು. ಮಸ್ಕಿ ದಾಟುವಾಗ ನನ್ನ ಫೋನ್ ಮತ್ತೆ ಹೊಡೆದುಕೊಂಡಿತು. ತಂದೆ ಕೇಳಿದರು: “ನೀವು ಪೇಪರ್‌ನವ್ರೇನ್ರೀ?”

ಹೌದು ಎಂದೆ.

“ಆಕೀ ಹೆಸರು ಹಾಕ್ತೀರಿ?”

“ನೀ ಬ್ಯಾಡ ಅಂದ್ರ ಹಾಕಂಗಿಲ್ಲಣ್ಣಾ” ಎಂದರು ಇವರು.

ತಂದೆ ಕಿಟಕಿಯಾಚೆ ನೋಡಿದರು. “ಹಾಕ್ರಿ. ಕೂಲಿಯಾಕಿ ಅಂತ ಅಷ್ಟ ಹಾಕಬ್ಯಾಡ್ರಿ. ಬಿ.ಎ. ಓದಾಕತ್ತಿದ್ಲು, ಎರಡನೇ ವರ್ಷ. ಐತ್ವಾರಕ್ಕೊಮ್ಮೆ ನಾಟಿಗೆ ಹೊಕ್ಕಿದ್ಲು. ನಮ್ಮ ಓಣ್ಯಾಗ ಕಾಲೇಜ್ ಮೆಟ್ಟಲಾ ಹತ್ತಿದ ಹೆಣ್ಮಗಳು ಅಂದ್ರ ಆಕಿನ ಮೊದಲನೇಕಿ. ಅದನ್ನ ಬರೀರಿ.”

ಕಾರು ನಿಲ್ಲಿಸಿ ಫೋನ್ ಮಾಡಿದೆ. ಪುಟ ಹೋಗಿತ್ತು. ಮುಖ್ಯ ವರದಿಗಾರರು ಹೇಳಬೇಕಾದ್ದನ್ನೆಲ್ಲ ಹೇಳಿದರು. ಮರುದಿನ ಬೇರೆ ಪತ್ರಿಕೆಗಳಲ್ಲಿ ಮೂರು ಹೆಸರಿದ್ದವು, ‘ಮೂವರು ಕೂಲಿ ಮಹಿಳೆಯರ ಸಾವು’ ಎಂದಿತ್ತು. ನಮ್ಮಲ್ಲಿ ಎರಡು ಹೆಸರು ಮತ್ತು ‘ಇನ್ನೊಬ್ಬ ಯುವತಿ’. ಕಚೇರಿ ಲಿಖಿತ ವಿವರಣೆ ಕೇಳಿತು. ಇವರು ತಮ್ಮದೇ ಅಂಗಡಿಯಲ್ಲಿ ಒಂದು ಸಾಲು ಟೈಪ್ ಮಾಡಿ ಕಳಿಸಿದರು: ‘ತಂದೆಗೆ ಮುಟ್ಟುವ ಮೊದಲು ಓದುಗರಿಗೆ ಮುಟ್ಟಿಸಲು ನನ್ನಿಂದ ಆಗಲಿಲ್ಲ.’ ಕ್ಷಮೆ ಕೇಳಿರಲಿಲ್ಲ. ಹೆಸರು ಮಧ್ಯಾಹ್ನದಿಂದಲೇ ನನ್ನ ಬಳಿ ಇತ್ತು ಎಂದು ನಾನು ಅದರ ಕೆಳಗೆ ಬರೆದು ಸಹಿ ಹಾಕಿದೆ. ಅವರನ್ನು ತೆಗೆಯಬೇಕೆಂಬ ಮಾತು ಬಂತು. ಮಸ್ಕಿಯಿಂದ ಅಷ್ಟು ಕೆಲಸ ಮಾಡುವವರು ಬೇರೆ ಸಿಗಲಿಲ್ಲ, ಮಾತು ಅಲ್ಲಿಗೇ ನಿಂತಿತು.

ಮಂಗಳವಾರದ ಪತ್ರಿಕೆಯ ಒಳಪುಟದಲ್ಲಿ ಚಿಕ್ಕದೊಂದು ಸುದ್ದಿ ಬಂತು. ಹುಡುಗಿಯ ಪೂರ್ತಿ ಹೆಸರು, ಬಿ.ಎ. ಎರಡನೆಯ ವರ್ಷ, ತನ್ನ ಓಣಿಯಿಂದ ಕಾಲೇಜಿಗೆ ಹೋದ ಮೊದಲ ಹೆಣ್ಣುಮಗಳು. ಈ ವಿವರ ಬೇರೆ ಯಾವ ಪತ್ರಿಕೆಯಲ್ಲೂ ಆ ದಿನ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅದನ್ನು ಹೇಳಿದವರು ತಂದೆ ಒಬ್ಬರೇ. ಅವರ ಹತ್ತಿರ ಸುದ್ದಿ ಹೊತ್ತು ಹೋದ ವರದಿಗಾರರೂ ಒಬ್ಬರೇ.